ಮತ್ತೆ ಮತ್ತೆ ಕಲಿಯುವವರ ಆಟ

ಆತ್ಮೀಯರೇ,

ನಿಮ್ಮ ಪತ್ರ ಕೈಸೇರಿತು. ಮಗಳು ಜಿಲ್ಲಾ ಟೇಬಲ್ ಟೆನಿಸ್ ಟೂರ್ನಿಯಲ್ಲಿ ಗೆದ್ದ ಸುದ್ದಿ ಓದಿ ತುಂಬಾ ಖುಷಿಯಾಯಿತು. ಅವಳಿಗೆ ನನ್ನ ಶುಭಾಶಯ ತಿಳಿಸಿ. ಆದರೆ ಪತ್ರದ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ನಿಮ್ಮ ಸಂತೋಷ ಚಿಂತೆಗೆ ತಿರುಗಿತ್ತು. ಒಂಬತ್ತನೇ ತರಗತಿ ಮುಗಿಯುತ್ತಿದೆ, ಮುಂದೆ ಎಸ್ಸೆಸ್ಸೆಲ್ಸಿ, ಆಮೇಲೆ ಪಿಯುಸಿ. ಸಂಜೆಯೆಲ್ಲ ಟೇಬಲ್ ಮುಂದೆ ಕಳೆದರೆ ಓದು ಯಾವಾಗ, ಓದು ಬಿಟ್ಟು ಆಡಿದರೆ ಮುಂದೆ ಹೊಟ್ಟೆಪಾಡು ಹೇಗೆ ಎಂದು ಕೇಳಿದ್ದೀರಿ. ಕ್ರಿಕೆಟ್ ಆಗಿದ್ದರೆ ಇಷ್ಟು ಯೋಚಿಸಬೇಕಿರಲಿಲ್ಲ ಎಂದೂ ಬರೆದಿದ್ದೀರಿ. ಆ ಮಾತಿನ ಹಿಂದಿನ ಸಂಕಟ ನನಗೆ ಅರ್ಥವಾಗುತ್ತದೆ.

ಇಂಥ ಪ್ರಶ್ನೆಗೆ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವುದು ಸುಲಭ. ಅದರಿಂದ ನಿಮಗೇನೂ ಪ್ರಯೋಜನವಿಲ್ಲ. ಅದರ ಬದಲು ಈ ಆಟವನ್ನೇ ಬದುಕಾಗಿ ಮಾಡಿಕೊಂಡ ಒಬ್ಬರ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ನಿಮ್ಮ ಮುಂದಿಡುತ್ತೇನೆ. ಅಚಂತ ಶರತ್ ಕಮಲ್ ಅವರ ಹೆಸರನ್ನು ನೀವು ಕೇಳಿಯೇ ಇರುತ್ತೀರಿ. 2025ರ ಮಾರ್ಚ್‌ನಲ್ಲಿ, ನಲವತ್ತೆರಡು ದಾಟಿದ ಮೇಲೆ, ಅವರು ಅಂತಾರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದರು. ಪತ್ರಿಕೆಗಳು ಅವರ ಪದಕಗಳ ಪಟ್ಟಿ ಕೊಟ್ಟವು. ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಏಳು ಚಿನ್ನ ಸೇರಿ ಹದಿಮೂರು ಪದಕ, ಐದು ಒಲಿಂಪಿಕ್ಸ್, ಹತ್ತು ರಾಷ್ಟ್ರೀಯ ಪ್ರಶಸ್ತಿ, ಪದ್ಮಶ್ರೀ, ಖೇಲ್ ರತ್ನ. ಪಟ್ಟಿ ದೊಡ್ಡದೇ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಆ ಪಟ್ಟಿಯಲ್ಲಿಲ್ಲ. ಒಂದು ಪದಕಕ್ಕೂ ಇನ್ನೊಂದು ಪದಕಕ್ಕೂ ನಡುವೆ ಕಳೆದ ವರ್ಷಗಳಲ್ಲಿದೆ.

ಶರತ್ ಹುಟ್ಟಿದ್ದು 1982ರ ಜುಲೈ 12ರಂದು, ಆಂಧ್ರದ ರಾಜಮಹೇಂದ್ರವರದಲ್ಲಿ. ಬೆಳೆದಿದ್ದು ಚೆನ್ನೈಯಲ್ಲಿ. ತಂದೆ ಶ್ರೀನಿವಾಸ ರಾವ್ ಮತ್ತು ಚಿಕ್ಕಪ್ಪ ಮುರಳೀಧರ ರಾವ್ ಇಬ್ಬರೂ ಟೇಬಲ್ ಟೆನಿಸ್ ಕೋಚ್‌ಗಳು. ಹಾಗಾಗಿ ಮಗು ಸರಿಯಾಗಿ ಟೇಬಲ್ ಎತ್ತರಕ್ಕೆ ಬೆಳೆಯುವ ಮೊದಲೇ ಕೈಗೆ ಬ್ಯಾಟ್ ಬಂತು. ಮನೆಯಲ್ಲೇ ಇಬ್ಬರು ಗುರುಗಳಿರುವ ಹುಡುಗನಿಗೆ ದಾರಿ ಸಲೀಸು ಎಂದು ಯಾರಿಗಾದರೂ ಅನ್ನಿಸಬೇಕು. ಹಾಗಾಗಲಿಲ್ಲ. ಆರಂಭದಲ್ಲಿ ಭಾರತ ತಂಡದ ಸಂಭಾವ್ಯರ ಪಟ್ಟಿಯಲ್ಲಿ ಶರತ್‌ಗೆ ಜಾಗ ಸಿಗಲಿಲ್ಲ. ಮೊದಲ ರಾಷ್ಟ್ರೀಯ ಪ್ರಶಸ್ತಿ ಬರಬೇಕಾದರೆ 2003 ಆಗಬೇಕಾಯಿತು, ಇಪ್ಪತ್ತು ತುಂಬಿದ ಮೇಲೆ. ನಿಮ್ಮ ಮಗಳಿಗಿನ್ನೂ ಹದಿನಾಲ್ಕು. ರಾಜ್ಯ ತಂಡಕ್ಕೆ ಈ ವರ್ಷ ಆಯ್ಕೆಯಾಗದಿದ್ದರೆ ಕಥೆ ಮುಗಿಯಿತು ಎಂದು ನೀವು ಬರೆದಿದ್ದೀರಲ್ಲ, ಅದಕ್ಕೇ ಇದನ್ನು ಮೊದಲು ಹೇಳಿದೆ.

ಈಗ ನನಗೆ ಬಹಳ ಮುಖ್ಯವೆನಿಸುವ ಸಂಗತಿಗೆ ಬರುತ್ತೇನೆ. ಸ್ವಲ್ಪ ವಿವರವಾಗಿ ಹೇಳಬೇಕು, ಸಾವಧಾನದಿಂದ ಓದಿ.

ಶರತ್ ಹುಡುಗನಾಗಿ ಕಲಿತ ಆಟ ಬೇರೆ, ನಲವತ್ತರಲ್ಲಿ ಚಿನ್ನ ಗೆದ್ದ ಆಟವೇ ಬೇರೆ. ಅವರು ಕಲಿಯುವಾಗ ಚೆಂಡಿನ ವ್ಯಾಸ 38 ಮಿಲಿಮೀಟರ್ ಇತ್ತು. 2000ದ ಸಿಡ್ನಿ ಒಲಿಂಪಿಕ್ಸ್ ಮುಗಿದ ಕೂಡಲೇ ಅದನ್ನು 40ಕ್ಕೆ ಏರಿಸಿದರು. ಎರಡು ಮಿಲಿಮೀಟರ್ ಏನು ಮಹಾ ಎಂದು ನಿಮಗನ್ನಿಸಬಹುದು. ಚೆಂಡು ದೊಡ್ಡದಾದರೆ ಗಾಳಿಯ ತಡೆ ಹೆಚ್ಚು, ವೇಗ ಕಡಿಮೆ, ತಿರುಗುವುದೂ ಕಡಿಮೆ. ಹಿಂದೆ ಒಂದೇ ಹೊಡೆತಕ್ಕೆ ಸಿಗುತ್ತಿದ್ದ ಪಾಯಿಂಟ್‌ಗೆ ಈಗ ಇನ್ನೆರಡು ಹೊಡೆತ ಬೇಕು. ಆಮೇಲೆ 2001ರಲ್ಲಿ 21 ಪಾಯಿಂಟ್‌ಗಳ ಗೇಮ್ 11ಕ್ಕೆ ಇಳಿಯಿತು. ಒಬ್ಬರು ಸತತ ಐದು ಸರ್ವ್ ಮಾಡುತ್ತಿದ್ದ ಪದ್ಧತಿ ಹೋಗಿ ಎರಡೆರಡು ಸರ್ವ್ ಬಂತು. 21ರ ಆಟದಲ್ಲಿ ಆರಂಭದಲ್ಲಿ ಹಿಂದೆ ಬಿದ್ದರೂ ಸುಧಾರಿಸಿಕೊಳ್ಳಲು ಸಮಯವಿತ್ತು. 11ರ ಆಟದಲ್ಲಿ ಮೂರು ಪಾಯಿಂಟ್ ಮೈಮರೆತರೆ ಗೇಮ್ ಹೋದಂತೆ. ಮೊದಲ ಸರ್ವ್‌ನಿಂದಲೇ ಮನಸ್ಸು ಪೂರ್ತಿ ಅಲ್ಲಿರಬೇಕು.

2002ರಲ್ಲಿ ಸರ್ವ್ ನಿಯಮ ಬದಲಾಯಿತು. ಅದಕ್ಕೆ ಮೊದಲು ಆಟಗಾರರು ಚೆಂಡಿಗೆ ಬ್ಯಾಟ್ ತಾಗುವ ಕ್ಷಣವನ್ನು ತೋಳಿನಿಂದಲೋ ಮೈಯಿಂದಲೋ ಮರೆ ಮಾಡುತ್ತಿದ್ದರು. ಎದುರಿನವನಿಗೆ ಚೆಂಡಿನ ಸ್ಪಿನ್ ಯಾವ ಕಡೆಗೆಂದು ತಿಳಿಯುತ್ತಿರಲಿಲ್ಲ. ಹೊಸ ನಿಯಮ ಆ ಮರೆಯನ್ನು ತೆಗೆಯಿತು. ಮುಂದೆ ಮಗಳ ಆಟ ನೋಡುವಾಗ ಸರ್ವ್ ಒಂದನ್ನೇ ಗಮನಿಸಿ. ಚೆಂಡು ಬಿಚ್ಚಿದ ಅಂಗೈ ಮೇಲೆ ನಿಂತಿರಬೇಕು, ಟೇಬಲ್‌ನ ಮಟ್ಟಕ್ಕಿಂತ ಮೇಲಿರಬೇಕು, ಟೇಬಲ್‌ನ ಅಂಚಿನಿಂದ ಹಿಂದಿರಬೇಕು. ಕನಿಷ್ಠ 16 ಸೆಂಟಿಮೀಟರ್ ನೇರ ಮೇಲಕ್ಕೆ ಎಸೆದು, ಅದು ಇಳಿಯುವಾಗ ಹೊಡೆಯಬೇಕು. ಎಲ್ಲವೂ ಎದುರಾಳಿಯ ಕಣ್ಣಿಗೆ ಕಾಣುವಂತಿರಬೇಕು. ಇಷ್ಟೆಲ್ಲ ಕಟ್ಟುಪಾಡಿನ ನಡುವೆಯೂ ಒಳ್ಳೆಯ ಆಟಗಾರರೂ ಮೋಸ ಹೋಗುವಂಥ ಸರ್ವ್ ಬರುತ್ತದೆ. ಮಣಿಕಟ್ಟು ಒಂದು ದಿಕ್ಕಿಗೆ ಹೊರಳುತ್ತದೆ, ರಬ್ಬರ್ ಚೆಂಡಿನ ಕೆಳಭಾಗವನ್ನು ಸವರುತ್ತದೋ ಬದಿಯನ್ನು ಸವರುತ್ತದೋ ಎನ್ನುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ಅದನ್ನು ಓದಲು ಕಲಿಯುವುದೇ ವರ್ಷಗಳ ಕೆಲಸ.

ಇನ್ನೊಂದು ಬದಲಾವಣೆ ಅಂಟಿನದು. ಸ್ಪೀಡ್ ಗ್ಲೂ ಎಂಬ ಅಂಟಿತ್ತು. ಪಂದ್ಯಕ್ಕೆ ಮುಂಚೆ ಆಟಗಾರರು ಬ್ಯಾಟಿನ ರಬ್ಬರ್ ಬಿಚ್ಚಿ, ಅದರಡಿಯ ಸ್ಪಾಂಜ್‌ಗೆ ಈ ಅಂಟನ್ನು ಬಳಿದು ಮತ್ತೆ ಅಂಟಿಸುತ್ತಿದ್ದರು. ಅದರಲ್ಲಿರುವ ದ್ರಾವಕ ಸ್ಪಾಂಜನ್ನು ಉಬ್ಬಿಸುತ್ತಿತ್ತು. ಚೆಂಡು ಚಿಮ್ಮುವ ವೇಗ, ಸ್ಪಿನ್, ಬ್ಯಾಟಿನಿಂದ ಬರುವ ಶಬ್ದ ಮೂರೂ ಹೆಚ್ಚುತ್ತಿದ್ದವು. ಅಂಟಿನ ಆವಿ ಆರೋಗ್ಯಕ್ಕೆ ಹಾನಿಕರವೆಂಬ ಕಾರಣಕ್ಕೆ 2008ರ ಬೀಜಿಂಗ್ ಒಲಿಂಪಿಕ್ಸ್ ಆದ ಮೇಲೆ ಅದನ್ನು ನಿಷೇಧಿಸಿದರು. ಆ ವೇಗವನ್ನೇ ನಂಬಿ ಆಟ ಕಟ್ಟಿಕೊಂಡಿದ್ದವರ ಕೈಗೆ ಒಂದೇ ಋತುವಿನಲ್ಲಿ ಬೇರೆಯದೇ ಬ್ಯಾಟ್ ಬಂದಂತಾಯಿತು. ಕೈ ಅದೇ, ಬ್ಯಾಟ್ ಬೀಸುವುದೂ ಹಾಗೇ, ಚೆಂಡು ಮಾತ್ರ ಮೊದಲಿನಂತೆ ಹೋಗುತ್ತಿರಲಿಲ್ಲ. ಇಷ್ಟು ಸಾಲದೆಂಬಂತೆ 2014ರಲ್ಲಿ ಸೆಲ್ಯುಲಾಯ್ಡ್ ಚೆಂಡು ಹೋಗಿ ಪ್ಲಾಸ್ಟಿಕ್ ಚೆಂಡು ಬಂತು. ಗಾತ್ರ ಕೂದಲೆಳೆಯಷ್ಟು ಹೆಚ್ಚಾಯಿತು, ಸ್ಪಿನ್ ಮತ್ತೆ ಇಳಿಯಿತು. ಟೇಬಲ್‌ನಿಂದ ದೂರ ನಿಂತು ಬಿರುಸಿನ ಟಾಪ್‌ಸ್ಪಿನ್ ಹೊಡೆಯುವವರಿಗಿಂತ, ಹತ್ತಿರವೇ ನಿಂತು ಚೆಂಡು ಏಳುತ್ತಿದ್ದಂತೆ ತೆಗೆಯುವವರಿಗೆ ಅನುಕೂಲವಾಯಿತು. ಬ್ಯಾಕ್‌ಹ್ಯಾಂಡ್ ಗಟ್ಟಿಯಿಲ್ಲದಿದ್ದರೆ ನಡೆಯದೆಂಬ ಕಾಲ ಬಂತು.

ಶರತ್ ಎತ್ತರದ ಆಳು. ಅವರ ದೊಡ್ಡ ಬಲ ಫೋರ್‌ಹ್ಯಾಂಡ್. ಉದ್ದ ತೋಳು ಬೀಸಿ ಹೊಡೆಯುವವರಿಗೆ ಜಾಗ ಬೇಕು, ಹೊತ್ತು ಬೇಕು. ಆಟದ ಪ್ರತಿಯೊಂದು ಬದಲಾವಣೆಯೂ ಆ ಎರಡನ್ನೇ ಕಿತ್ತುಕೊಳ್ಳುತ್ತ ಹೋಯಿತು. ಅವರ ಜೊತೆ ಆಟ ಶುರುಮಾಡಿದ ಎಷ್ಟೋ ಮಂದಿ ದಾರಿಯಲ್ಲಿ ಉಳಿದರು. ಶರತ್ ಪ್ರತಿ ಸಲವೂ ಕೂತು ಲೆಕ್ಕ ಹಾಕಿ, ಹಳೆಯದರಲ್ಲಿ ಏನು ಉಳಿಸಿಕೊಳ್ಳಬೇಕು, ಏನು ಹೊಸದಾಗಿ ಕಲಿಯಬೇಕು ಎಂದು ತೀರ್ಮಾನಿಸಿ ಮುಂದೆ ಹೋದರು. ಕಾಲ ಬದಲಾದಾಗ ಹೊಲದ ಬೆಳೆ ಬದಲಿಸುವ ರೈತನಿಗೆ ಬೇಕಾದ ಧೈರ್ಯವೇ ಇಲ್ಲೂ ಬೇಕು, ಏಕೆಂದರೆ ಹೊಸದು ಕೈಹಿಡಿಯುವವರೆಗೆ ಹಳೆಯ ಫಲವೂ ಸಿಗುವುದಿಲ್ಲ. ನಾನು ನಿಮಗೆ ಹೇಳಬೇಕೆಂದಿರುವ ಮಾತು ಇದೊಂದೇ. ಈ ಆಟದಲ್ಲಿ ದೀರ್ಘಕಾಲ ನಿಲ್ಲುವವರು ಚಿಕ್ಕಂದಿನಲ್ಲಿ ಚೆನ್ನಾಗಿ ಕಲಿತವರಲ್ಲ, ದೊಡ್ಡವರಾದ ಮೇಲೂ ಕಲಿಯುವವರು.

ಇನ್ನು ಹೊಟ್ಟೆಪಾಡಿನ ಮಾತು. ಅದನ್ನು ಬದಿಗಿಟ್ಟು ಆದರ್ಶದ ಮಾತಾಡಿದರೆ ನಿಮಗೆ ಅನ್ಯಾಯ ಮಾಡಿದಂತೆ.

ನಮ್ಮ ದೇಶದಲ್ಲಿ ಟೇಬಲ್ ಟೆನಿಸ್ ಆಟಗಾರರ ಬೆನ್ನಿಗೆ ನಿಂತಿರುವುದು ಬಹುತೇಕ ಸಾರ್ವಜನಿಕ ವಲಯದ ಸಂಸ್ಥೆಗಳು. ಶರತ್ ಇಂಡಿಯನ್ ಆಯಿಲ್ ಕಾರ್ಪೊರೇಷನ್ ನೌಕರರು. ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ತೈಲ ಕಂಪನಿಗಳ ಪೆಟ್ರೋಲಿಯಂ ಕ್ರೀಡಾ ಉತ್ತೇಜನ ಮಂಡಳಿಯ ಪರವಾಗಿ ಆಡುತ್ತಿದ್ದರು. ರೈಲ್ವೆ, ಬ್ಯಾಂಕುಗಳು, ತೈಲ ಕಂಪನಿಗಳು ಕ್ರೀಡಾ ಕೋಟಾದಲ್ಲಿ ಕೊಡುವ ಕೆಲಸಗಳೇ ಈ ಆಟದ ಅಡಿಪಾಯ. ತಿಂಗಳ ಸಂಬಳ ಬರುತ್ತದೆ, ಅಭ್ಯಾಸಕ್ಕೆ ರಜೆ ಸಿಗುತ್ತದೆ, ಆಟ ಮುಗಿದ ಮೇಲೆ ಕೂರಲು ಒಂದು ಕುರ್ಚಿ ಇರುತ್ತದೆ. ರಾಷ್ಟ್ರಮಟ್ಟದಲ್ಲಿ ಗುರುತಿಸಿಕೊಂಡವರಿಗೆ ಈ ಬಾಗಿಲು ಇದೆ. ಜಿಲ್ಲಾ ಮಟ್ಟದಲ್ಲಿ ಗೆದ್ದ ಮಾತ್ರಕ್ಕೆ ಅದು ತೆರೆಯುವುದಿಲ್ಲ ಎನ್ನುವುದೂ ನಿಜ.

ಎರಡನೆಯ ದಾರಿ ಯುರೋಪಿನ ಕ್ಲಬ್‌ಗಳದು. ಜರ್ಮನಿಯ ಲೀಗ್ ಪ್ರಪಂಚದಲ್ಲೇ ಗಟ್ಟಿ ಲೀಗ್‌ಗಳಲ್ಲಿ ಒಂದು. ಶರತ್ ಅಲ್ಲಿ ಬೊರುಸಿಯಾ ಡುಸೆಲ್ಡಾರ್ಫ್‌ನಂಥ ದೊಡ್ಡ ಕ್ಲಬ್ಬಿಗೆ ಆಡಿದರು. ಕ್ಲಬ್ ಸಂಭಾವನೆ ಕೊಡುತ್ತದೆ. ಅದಕ್ಕಿಂತ ದೊಡ್ಡ ಲಾಭವೆಂದರೆ ದಿನಬೆಳಗಾದರೆ ನಿಮಗಿಂತ ಚೆನ್ನಾಗಿ ಆಡುವವರ ಜೊತೆ ಅಭ್ಯಾಸ. ಒಂದೇ ಊರಿನ ಒಂದೇ ಹಾಲ್‌ನಲ್ಲಿ ಅದೇ ನಾಲ್ಕು ಮಂದಿಯ ಜೊತೆ ಆಡಿದರೆ ಆ ನಾಲ್ಕು ಮಂದಿಯ ಸರ್ವ್ ಮಾತ್ರ ಅಭ್ಯಾಸವಾಗುತ್ತದೆ. ಎಡಗೈಯವರು, ಚಾಪ್ ಮಾಡಿ ಆಡುವವರು, ಉದ್ದ ಮೊಳೆಯ ರಬ್ಬರ್ ಹಾಕಿಕೊಂಡು ಸ್ಪಿನ್ನನ್ನೇ ತಿರುಗಿಸಿ ಕಳಿಸುವವರು, ಎಲ್ಲರೂ ಎದುರು ನಿಲ್ಲಬೇಕು. ಅದಕ್ಕಾಗಿಯೇ ಇಲ್ಲಿಯವರು ಅಲ್ಲಿಗೆ ಹೋಗುತ್ತಾರೆ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಚಳಿಯ ನಾಡು, ಬಾರದ ಭಾಷೆ, ವರ್ಷದ ಬಹುಪಾಲು ಮನೆಯವರಿಂದ ದೂರ. ಹಬ್ಬ, ಮದುವೆ, ಹುಟ್ಟು, ಸಾವು ಎಲ್ಲ ಫೋನಿನಲ್ಲೇ. ಪದಕದ ಫೋಟೊದಲ್ಲಿ ಇದು ಕಾಣುವುದಿಲ್ಲ.

2017ರಲ್ಲಿ ನಮ್ಮಲ್ಲೇ ಅಲ್ಟಿಮೇಟ್ ಟೇಬಲ್ ಟೆನಿಸ್ ಲೀಗ್ ಶುರುವಾಯಿತು. ಹೊರದೇಶದ ಆಟಗಾರರು ಇಲ್ಲಿಗೆ ಬಂದು ನಮ್ಮ ಹುಡುಗ ಹುಡುಗಿಯರ ಜೊತೆ ಒಂದೇ ತಂಡದಲ್ಲಿ ಆಡತೊಡಗಿದರು. ಶರತ್ ಕಾಲಿಟ್ಟಾಗ ಇಲ್ಲದ ಈ ಮೆಟ್ಟಿಲು ನಿಮ್ಮ ಮಗಳ ಕಾಲಕ್ಕೆ ಇದೆ.

ಈಗ ಆ ದೀರ್ಘ ದಾರಿಯ ಎರಡು ತುದಿಗಳನ್ನು ನೋಡಿ. ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಟೇಬಲ್ ಟೆನಿಸ್ ಸೇರಿದ್ದು 2002ರಲ್ಲಿ. ಅದರ ಮುಂದಿನ ಕೂಟ, 2006ರಲ್ಲಿ ಮೆಲ್ಬರ್ನ್‌ನಲ್ಲಿ. ಫೈನಲ್‌ನಲ್ಲಿ ಶರತ್ ಎದುರು ನಿಂತವರು ಆಸ್ಟ್ರೇಲಿಯಾದ ವಿಲಿಯಂ ಹೆನ್ಜೆಲ್. ನೆಲ ಅವರದು, ಜನ ಅವರ ಕಡೆ. ಪಂದ್ಯ ಏಳನೇ ಗೇಮ್‌ವರೆಗೆ ಹೋಯಿತು, ಶರತ್ 4-3ರಿಂದ ಗೆದ್ದರು. ಪುರುಷರ ತಂಡವೂ ಸಿಂಗಪುರವನ್ನು ಸೋಲಿಸಿ ಚಿನ್ನ ಗೆದ್ದಿತು. ಆಗ ಅವರಿಗೆ ಇಪ್ಪತ್ಮೂರು ವರ್ಷ. ಇನ್ನೇನು, ಇಲ್ಲಿಂದ ಏರುವುದೊಂದೇ ಬಾಕಿ ಎಂದು ಎಲ್ಲರೂ ಅಂದುಕೊಂಡರು.

ಹಾಗೆ ಒಂದೇ ಸಮನೆ ಏರಲಿಲ್ಲ. 2010ರಲ್ಲಿ ಈಜಿಪ್ಟ್ ಓಪನ್ ಗೆದ್ದರು, ಅದೇ ವರ್ಷ ದೆಹಲಿಯ ಕಾಮನ್‌ವೆಲ್ತ್ ಕೂಟದಲ್ಲಿ ಸುಭಜಿತ್ ಸಹಾ ಜೊತೆ ಡಬಲ್ಸ್ ಚಿನ್ನ ಬಂತು. ಆದರೆ ಸಿಂಗಲ್ಸ್ ಚಿನ್ನ ಮತ್ತೆ ಕೈಗೆ ಬರಲಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ಗೆ ಅರ್ಹತೆಯೇ ಸಿಗಲಿಲ್ಲ. ಅಥೆನ್ಸ್, ಬೀಜಿಂಗ್ ಎರಡೂ ಆಡಿ ಬಂದವರು ಮೂರನೆಯದನ್ನು ಹೊರಗೆ ಕೂತು ನೋಡಬೇಕಾಯಿತು. 2016ರಲ್ಲಿ ರಿಯೊಗೆ ಹೋದರು, ಮೊದಲ ಸುತ್ತಿನಲ್ಲೇ ಸೋತರು. ಆಗ ವಯಸ್ಸು ಮೂವತ್ತನಾಲ್ಕು. ಮರ್ಯಾದೆಯಿಂದ ಬ್ಯಾಟ್ ಕೆಳಗಿಡಲು ಅದು ಸರಿಯಾದ ಹೊತ್ತು ಎಂದು ಯಾರಾದರೂ ಹೇಳಿದ್ದರೆ ತಪ್ಪೆನ್ನಲಾಗುತ್ತಿರಲಿಲ್ಲ.

ಅವರ ಆಟದ ಅತ್ಯುತ್ತಮ ಭಾಗ ಶುರುವಾದದ್ದೇ ಅಲ್ಲಿಂದ ಮುಂದೆ. ಇಟಲಿಯ ಮಾಸ್ಸಿಮೊ ಕೋಸ್ಟಾಂಟಿನಿ ಕೋಚ್ ಆಗಿದ್ದ ಆ ವರ್ಷಗಳಲ್ಲಿ ಭಾರತ ತಂಡದ ಚಹರೆಯೇ ಬದಲಾಯಿತು. 2018ರ ಏಪ್ರಿಲ್‌ನಲ್ಲಿ ಗೋಲ್ಡ್ ಕೋಸ್ಟ್‌ನ ಕಾಮನ್‌ವೆಲ್ತ್ ಕೂಟದಲ್ಲಿ ತಂಡಕ್ಕೆ ಚಿನ್ನ ಬಂತು. ಅದೇ ವರ್ಷದ ಆಗಸ್ಟ್‌ನಲ್ಲಿ ಜಕಾರ್ತದ ಏಷ್ಯನ್ ಗೇಮ್ಸ್. ಚೀನಾ, ಜಪಾನ್, ಎರಡು ಕೊರಿಯಾಗಳು ಒಂದೇ ಕೂಟದಲ್ಲಿ ಇರುವಾಗ ಏಷ್ಯನ್ ಗೇಮ್ಸ್‌ನ ಟೇಬಲ್ ಟೆನಿಸ್ ಒಲಿಂಪಿಕ್ಸ್‌ಗಿಂತ ಸುಲಭವೇನಲ್ಲ. ಭಾರತಕ್ಕೆ ಅಲ್ಲಿಯವರೆಗೆ ಒಂದೂ ಪದಕ ಬಂದಿರಲಿಲ್ಲ. ಆ ಸಲ ಪುರುಷರ ತಂಡ ಜಪಾನನ್ನು ಸೋಲಿಸಿ ಕಂಚು ಗೆದ್ದಿತು. ಮಿಶ್ರ ಡಬಲ್ಸ್‌ನಲ್ಲಿ ಮಣಿಕಾ ಬಾತ್ರಾ ಜೊತೆ ಶರತ್ ಇನ್ನೊಂದು ಕಂಚು ತಂದರು. 2020ರ ಮಾರ್ಚ್‌ನಲ್ಲಿ, ಕೋವಿಡ್ ಪ್ರಪಂಚದ ಬಾಗಿಲು ಮುಚ್ಚುವ ಹೊತ್ತಿಗೆ, ಒಮಾನ್ ಓಪನ್ ಫೈನಲ್‌ನಲ್ಲಿ ಪೋರ್ಚುಗಲ್‌ನ ಮಾರ್ಕೊಸ್ ಫ್ರೈಟಾಸ್ ಅವರನ್ನು ಸೋಲಿಸಿದರು. ಹತ್ತು ವರ್ಷಗಳ ಮೇಲೆ ಮತ್ತೊಂದು ಅಂತಾರಾಷ್ಟ್ರೀಯ ಸಿಂಗಲ್ಸ್ ಪ್ರಶಸ್ತಿ ಅದು.

ಟೋಕಿಯೊ ಒಲಿಂಪಿಕ್ಸ್‌ನ ಒಂದು ಪಂದ್ಯದ ಬಗ್ಗೆ ಹೇಳಲೇಬೇಕು. 2021ರ ಜುಲೈ 27. ಮೂರನೇ ಸುತ್ತಿನಲ್ಲಿ ಎದುರಿಗಿದ್ದವರು ಚೀನಾದ ಮಾ ಲಾಂಗ್, ಹಿಂದಿನ ಒಲಿಂಪಿಕ್ಸ್‌ನ ಚಾಂಪಿಯನ್, ಈ ಆಟ ಕಂಡ ಅತಿ ಶ್ರೇಷ್ಠರಲ್ಲಿ ಒಬ್ಬರು. ಮೊದಲ ಗೇಮ್ 7-11ರಲ್ಲಿ ಹೋಯಿತು. ಎರಡನೆಯದನ್ನು ಶರತ್ 11-8ರಿಂದ ಗೆದ್ದರು. ಮೂರನೆಯದರಲ್ಲಿ ಇಬ್ಬರೂ 10-10ರವರೆಗೆ ಬಂದು, ಕೊನೆಗೆ 11-13ಕ್ಕೆ ಶರತ್ ಸೋತರು. ಆ ಮೇಲೆ ಮಾ ಲಾಂಗ್ ಹಿಡಿತ ಬಿಡಲಿಲ್ಲ, 4-11, 4-11. ಅಂಕಪಟ್ಟಿಯಲ್ಲಿ ಇದು 1-4ರ ಸೋಲು. ಆದರೆ ಆ ಮೂರನೇ ಗೇಮ್‌ನಲ್ಲಿ ಮೂವತ್ತೊಂಬತ್ತರ ಶರತ್, ಮಾ ಲಾಂಗ್‌ನ ಫೋರ್‌ಹ್ಯಾಂಡಿಗೆ ಫೋರ್‌ಹ್ಯಾಂಡಿನಲ್ಲೇ ಉತ್ತರ ಕೊಟ್ಟ ರ್‍ಯಾಲಿಗಳನ್ನು ನೋಡಿದವರು ಮರೆಯುವುದಿಲ್ಲ. ಅದೇ ಮಾ ಲಾಂಗ್ ಆ ಕೂಟದಲ್ಲಿ ಮತ್ತೆ ಚಿನ್ನ ಗೆದ್ದರು. ನಿಮ್ಮ ಮಗಳು ಸೋತು ಬಂದ ದಿನ ಅಂಕಗಳನ್ನು ಮಾತ್ರ ಕೇಳಬೇಡಿ. ಯಾರ ಎದುರು, ಯಾವ ಗೇಮ್‌ನಲ್ಲಿ, ಹೇಗೆ ಆಡಿ ಸೋತಳು ಎಂದು ಕೇಳಿ.

ಒಂದು ವರ್ಷದ ಮೇಲೆ ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಕ್ರೀಡಾಕೂಟ. ಶರತ್‌ಗೆ ನಲವತ್ತು ತುಂಬಿ ಒಂದು ತಿಂಗಳೂ ಆಗಿರಲಿಲ್ಲ. ತಂಡದ ಫೈನಲ್‌ನಲ್ಲಿ ಸಿಂಗಪುರದ ಕ್ಲಾರೆನ್ಸ್ ಚ್ಯೂ ಎದುರು ಅವರು ತಮ್ಮ ಸಿಂಗಲ್ಸ್ ಪಂದ್ಯ ಸೋತರು. ತಂಡವನ್ನು ದಡ ಸೇರಿಸಿದವರು ಅವರಿಗಿಂತ ಹತ್ತು ವರ್ಷಕ್ಕೂ ಚಿಕ್ಕವರಾದ ಸತ್ಯನ್ ಮತ್ತು ಹರ್ಮೀತ್ ದೇಸಾಯಿ. ಹಿರಿಯನಿಗೆ ಅದು ಅವಮಾನವಲ್ಲ. ವರ್ಷಗಟ್ಟಲೆ ಒಬ್ಬನೇ ಹೊತ್ತ ಭಾರಕ್ಕೆ ಹೆಗಲು ಕೊಡುವವರು ಬಂದರೆಂಬ ಸಮಾಧಾನ. ಆಮೇಲೆ ಆಗಸ್ಟ್ 7. ಒಂದೇ ದಿನ ಪುರುಷರ ಡಬಲ್ಸ್ ಫೈನಲ್, ಸಿಂಗಲ್ಸ್ ಸೆಮಿಫೈನಲ್, ಮಿಶ್ರ ಡಬಲ್ಸ್ ಫೈನಲ್. ಸತ್ಯನ್ ಜೊತೆಗಿನ ಡಬಲ್ಸ್‌ನಲ್ಲಿ ಇಂಗ್ಲೆಂಡ್ ಜೋಡಿಗೆ ಐದು ಗೇಮ್‌ಗಳ ಹೋರಾಟದಲ್ಲಿ ಸೋತು ಬೆಳ್ಳಿ. ಶ್ರೀಜಾ ಅಕುಲಾ ಜೊತೆಗಿನ ಮಿಶ್ರ ಡಬಲ್ಸ್‌ನಲ್ಲಿ ಚಿನ್ನ. ಸಿಂಗಲ್ಸ್‌ನಲ್ಲಿ ಪಾಲ್ ಡ್ರಿಂಕ್‌ಹಾಲ್ ಅವರನ್ನು ಸೋಲಿಸಿ ಫೈನಲ್.

ಮರುದಿನದ ಎದುರಾಳಿ ಇಂಗ್ಲೆಂಡಿನ ಲಿಯಾಮ್ ಪಿಚ್‌ಫೋರ್ಡ್. ಇಲ್ಲೂ ಜನ ಎದುರಾಳಿಯ ಕಡೆ. ಮೊದಲ ಗೇಮ್ 11-13ಕ್ಕೆ ಕೈತಪ್ಪಿತು. ಎರಡನೆಯದು 11-7. ಮೂರನೆಯದು 11-2. ಆ ಮೂರನೇ ಗೇಮ್‌ನಲ್ಲಿ ಪಿಚ್‌ಫೋರ್ಡ್ ಏನು ಮಾಡಿದರೂ ಶರತ್ ಒಂದು ಹೆಜ್ಜೆ ಮೊದಲೇ ಅಲ್ಲಿ ನಿಂತಿರುತ್ತಿದ್ದರು. ಆಮೇಲೆ 11-6, 11-8. ಮೆಲ್ಬರ್ನ್‌ನ ಚಿನ್ನಕ್ಕೂ ಬರ್ಮಿಂಗ್‌ಹ್ಯಾಮ್‌ನ ಚಿನ್ನಕ್ಕೂ ನಡುವೆ ಹದಿನಾರು ವರ್ಷ. ಈ ನಡುವೆ ಅಂಟು ಹೋಯಿತು, ಚೆಂಡು ಬದಲಾಯಿತು, ಎದುರಾಳಿಗಳ ಒಂದು ತಲೆಮಾರೇ ಬದಲಾಯಿತು. ಅದೇ ಪದಕವನ್ನು ಅವರು ಎರಡನೇ ಸಲ ಗೆದ್ದದ್ದು ಬೇರೆಯದೇ ಆಟದಲ್ಲಿ ಎಂದರೂ ನಡೆದೀತು. ಸಮಾರೋಪದಲ್ಲಿ ಬಾಕ್ಸರ್ ನಿಖತ್ ಜರೀನ್ ಜೊತೆ ಭಾರತದ ಧ್ವಜ ಹಿಡಿದರು. ಆ ವರ್ಷದ ಖೇಲ್ ರತ್ನ ಅವರೊಬ್ಬರಿಗೇ ಬಂತು.

ಇಷ್ಟಕ್ಕೇ ಮುಗಿಯಲಿಲ್ಲ. 2024ರ ಮಾರ್ಚ್‌ನಲ್ಲಿ ಸಿಂಗಪುರ ಸ್ಮ್ಯಾಷ್ ಟೂರ್ನಿ ನಡೆಯಿತು. ಶರತ್ ಅರ್ಹತಾ ಸುತ್ತಿನಿಂದ ಆಡಿಕೊಂಡು ಬಂದವರು. ಸ್ಲೊವೇನಿಯಾದ ಡಾರ್ಕೊ ಯೋರ್ಗಿಚ್, ಈಜಿಪ್ಟ್‌ನ ಒಮರ್ ಅಸ್ಸರ್ ಇಬ್ಬರೂ ರ್‍ಯಾಂಕಿಂಗ್‌ನಲ್ಲಿ ಅವರಿಗಿಂತ ಬಹಳ ಮೇಲಿದ್ದವರು. ಇಬ್ಬರನ್ನೂ ಸೋಲಿಸಿ ಕ್ವಾರ್ಟರ್‌ಫೈನಲ್ ತಲುಪಿದರು. ಅಲ್ಲಿ ಸೋಲಿಸಿದವನು ಫ್ರಾನ್ಸ್‌ನ ಫೆಲಿಕ್ಸ್ ಲೆಬ್ರನ್ ಎಂಬ ಹದಿನೇಳರ ಹುಡುಗ. ಶರತ್ ಮೆಲ್ಬರ್ನ್‌ನಲ್ಲಿ ಚಿನ್ನ ಗೆದ್ದಾಗ ಆ ಹುಡುಗ ಇನ್ನೂ ಹುಟ್ಟಿರಲಿಲ್ಲ. ಆ ಟೂರ್ನಿ ಅವರ ರ್‍ಯಾಂಕಿಂಗನ್ನು ಮೇಲೆತ್ತಿತು, ಪ್ಯಾರಿಸ್‌ನಲ್ಲಿ ಐದನೇ ಒಲಿಂಪಿಕ್ಸ್ ಆಡುವ ದಾರಿ ಸುಗಮವಾಯಿತು. ಪಿ.ವಿ. ಸಿಂಧು ಜೊತೆ ಅವರು ಅಲ್ಲಿ ಧ್ವಜಧಾರಿ. ಸಿಂಗಲ್ಸ್‌ನ ಮೊದಲ ಪಂದ್ಯದಲ್ಲೇ ಸ್ಲೊವೇನಿಯಾದ ಡೆನಿ ಕೋಜುಲ್ ಎದುರು ಸೋತರು. ಮರುವರ್ಷದ ಮಾರ್ಚ್‌ನಲ್ಲಿ, ತಾವು ಬೆಳೆದ ಚೆನ್ನೈಯಲ್ಲೇ ಕೊನೆಯ ಟೂರ್ನಿ ಆಡಿದರು. ಅವರನ್ನು ಕೊನೆಯದಾಗಿ ಸೋಲಿಸಿದವರು ಭಾರತದ್ದೇ ಯುವ ಆಟಗಾರ ಸ್ನೇಹಿತ್ ಸುರವಜ್ಜುಲ. ಒಬ್ಬ ಹಿರಿಯ ಆಟಗಾರನಿಗೆ ಇದಕ್ಕಿಂತ ಒಳ್ಳೆಯ ಬೀಳ್ಕೊಡುಗೆ ಇರಲಾರದು.

ಶರತ್ ಕಥೆ ಹೇಳಿ ಪತ್ರ ಮುಗಿಸಿದರೆ ನಿಮ್ಮ ಮೇಲೆ ಒಂದೇ ದಾರಿಯನ್ನು ಹೇರಿದಂತಾಗುತ್ತದೆ. ಇನ್ನೊಂದು ದಾರಿಯನ್ನು ನಮ್ಮ ಬೆಂಗಳೂರಿನ ಹುಡುಗಿ ತೋರಿಸಿಕೊಟ್ಟಿದ್ದಾಳೆ. 2019ರ ಜನವರಿಯಲ್ಲಿ ಕಟಕ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು. ಶರತ್ ಅಲ್ಲಿ ಒಂಬತ್ತನೇ ಸಲ ಗೆದ್ದು, ಕಮಲೇಶ್ ಮೆಹ್ತಾ ಅವರ ಎಂಟು ಪ್ರಶಸ್ತಿಗಳ ದಾಖಲೆ ಮುರಿದರು. ಅದೇ ಕೂಟದಲ್ಲಿ ಮಹಿಳೆಯರ ಪ್ರಶಸ್ತಿ ಗೆದ್ದವರು ಹದಿನೆಂಟರ ಅರ್ಚನಾ ಕಾಮತ್. ಮೊದಲ ಸಲ ಗೆದ್ದ ಕನ್ನಡದ ಹುಡುಗಿ ಮತ್ತು ಒಂಬತ್ತನೇ ಸಲ ಗೆದ್ದ ಹಿರಿಯ, ಇಬ್ಬರೂ ಒಂದೇ ಕೂಟದ ಚಾಂಪಿಯನ್ನರು.

ಅರ್ಚನಾ ಮುಂದೆ ಮಣಿಕಾ ಬಾತ್ರಾ ಜೊತೆ ಡಬಲ್ಸ್ ಆಡಿ 2021ರಲ್ಲಿ ಸ್ಲೊವೇನಿಯಾದ ಲಾಶ್ಕೊದಲ್ಲಿ ಅಂತಾರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಪ್ಯಾರಿಸ್‌ನಲ್ಲಿ ಭಾರತದ ಮಹಿಳಾ ತಂಡ ರೊಮೇನಿಯಾವನ್ನು ಸೋಲಿಸಿ ಮೊದಲ ಬಾರಿಗೆ ಒಲಿಂಪಿಕ್ಸ್ ಕ್ವಾರ್ಟರ್‌ಫೈನಲ್ ತಲುಪಿತು. ಜರ್ಮನಿ ಎದುರಿನ ಆ ಪಂದ್ಯವನ್ನು ಭಾರತ 1-3ರಿಂದ ಸೋತಿತು. ನಮಗೆ ಬಂದ ಆ ಒಂದು ಗೆಲುವು ಅರ್ಚನಾ ಅವರದು. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಆಟ ಇನ್ನೂ ಏರುತ್ತಿರುವಾಗಲೇ, ವೃತ್ತಿಪರ ಆಟ ಬಿಟ್ಟು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಓದಲು ಹೋದರು. ಆಟದಲ್ಲಿ ದುಡ್ಡಿಲ್ಲವೆಂದು ಬಿಟ್ಟರೆಂಬ ಮಾತು ಆಗ ಹರಡಿತ್ತು. ಓದಿನ ಮೇಲಿನ ಪ್ರೀತಿಯಿಂದ ಹೋಗುತ್ತಿರುವುದಾಗಿ ಅರ್ಚನಾ ತಾವೇ ಸ್ಪಷ್ಟಪಡಿಸಿದರು. ಬಹಳ ಜನ ಬೇಸರಪಟ್ಟುಕೊಂಡರು. ನನಗೆ ಮಾತ್ರ ಅವರ ಬಗ್ಗೆ ಗೌರವ ಹೆಚ್ಚಿತು. ಎರಡು ಕೆಲಸವನ್ನೂ ಶ್ರದ್ಧೆಯಿಂದ ಮಾಡಿಕೊಂಡು ಬಂದವರಿಗೆ ಮಾತ್ರ ಹಾಗೆ ಆಯ್ದುಕೊಳ್ಳುವ ಸ್ವಾತಂತ್ರ್ಯ ಸಿಗುತ್ತದೆ. ಒಲಿಂಪಿಕ್ಸ್ ಆಡುತ್ತಲೇ ಓದನ್ನು ಕೈಬಿಡದೆ ಇಟ್ಟುಕೊಂಡಿದ್ದರಿಂದ ಆ ಬಾಗಿಲು ತೆರೆದೇ ಇತ್ತು.

ಹಾಗಾದರೆ ನಿಮ್ಮ ಮಗಳ ವಿಷಯದಲ್ಲಿ ಏನು ಮಾಡಬೇಕು? ನನಗೆ ತೋಚಿದ್ದನ್ನು ಹೇಳುತ್ತೇನೆ. ಆಟ ಬಿಡಿಸಬೇಡಿ, ಓದನ್ನೂ ಬಿಡಿಸಬೇಡಿ. ಖರ್ಚಿನ ಲೆಕ್ಕವನ್ನು ಈಗಲೇ ಹಾಕಿಕೊಳ್ಳಿ. ಒಳ್ಳೆಯ ರಬ್ಬರ್ ಸವೆಯುತ್ತದೆ, ಬ್ಯಾಟಿನ ಎರಡೂ ಬದಿಗೆ ಮತ್ತೆ ಮತ್ತೆ ಹೊಸದು ಹಾಕಿಸಬೇಕು. ಷೂ ಸವೆಯುತ್ತದೆ. ರ್‍ಯಾಂಕಿಂಗ್ ಟೂರ್ನಿಗಳಿಗೆ ಊರೂರು ಅಲೆಯಬೇಕು, ಜೊತೆಗೆ ಒಬ್ಬರು ಹೋಗಬೇಕು. ನೀವು ಮತ್ತು ಮನೆಯವರು ಕೂತು, ಎಷ್ಟು ವರ್ಷ ಎಷ್ಟರಮಟ್ಟಿಗೆ ಇದನ್ನು ನಿಭಾಯಿಸಬಲ್ಲಿರಿ ಎಂದು ಮುಕ್ತವಾಗಿ ಮಾತಾಡಿಕೊಳ್ಳಿ. ಆ ಮಾತನ್ನು ಮಗಳಿಂದ ಮುಚ್ಚಿಡಬೇಡಿ. ಹದಿನಾಲ್ಕರ ಮಗುವಿಗೆ ಲೆಕ್ಕ ಅರ್ಥವಾಗುತ್ತದೆ. ಮುಚ್ಚಿಟ್ಟರೆ, ಮುಂದೊಂದು ದಿನ ತನಗಾಗಿ ಅಪ್ಪ ಅಮ್ಮ ಸಾಲ ಮಾಡಿದರು ಎಂಬ ಭಾರ ಹೊತ್ತು ಟೇಬಲ್ ಮುಂದೆ ನಿಲ್ಲುತ್ತಾಳೆ.

ಕೋಚ್ ವಿಷಯದಲ್ಲೂ ಒಂದು ಮಾತು. ಈಗ ಗೆಲ್ಲಿಸುತ್ತಿರುವ ಹೊಡೆತವನ್ನೇ ಸಾವಿರ ಸಲ ಹೊಡೆಸುವ ಕೋಚ್‌ಗಿಂತ, ಅವಳಿಗೆ ಬಾರದ್ದನ್ನು ಕಲಿಸುವ ಕೋಚ್ ಒಳ್ಳೆಯವರು. ಹೊಸದನ್ನು ಕಲಿಯುವಾಗ ಕೆಲವು ತಿಂಗಳು ಸೋಲು ಹೆಚ್ಚುತ್ತದೆ. ಆ ತಿಂಗಳುಗಳಲ್ಲಿ ತಂದೆ ತಾಯಿ ಗಾಬರಿಯಾಗಿ ಕೋಚ್ ಬದಲಿಸುತ್ತಾರೆ, ಮಗು ಹಳೆಯ ಹೊಡೆತಕ್ಕೇ ಮರಳುತ್ತದೆ. ಜಿಲ್ಲಾ ಮಟ್ಟದಲ್ಲಿ ಅದರಿಂದ ಇನ್ನೆರಡು ಕಪ್ ಬರುತ್ತವೆ. ಅದಕ್ಕೂ ಮೇಲಿನ ಹಂತದಲ್ಲಿ ಅದೇ ಹೊಡೆತ ನಿಂತುಹೋಗುತ್ತದೆ. ಆ ಸೋಲಿನ ತಿಂಗಳುಗಳನ್ನು ತಾಳಿಕೊಳ್ಳುವುದೇ ನೀವು ಅವಳಿಗೆ ಮಾಡಬಹುದಾದ ದೊಡ್ಡ ಉಪಕಾರ. ಹಾಗೆ ಕಲಿಯುವ ಅಭ್ಯಾಸ ಬಂದರೆ ಆಮೇಲೆ ಅವಳು ಶರತ್‌ನಂತೆ ನಲವತ್ತರವರೆಗೆ ಆಡಲಿ, ಅರ್ಚನಾರಂತೆ ಇಪ್ಪತ್ತನಾಲ್ಕಕ್ಕೆ ಓದಿನ ಕಡೆ ತಿರುಗಲಿ, ಕ್ರೀಡಾ ಕೋಟಾದಲ್ಲಿ ಬ್ಯಾಂಕ್ ಸೇರಲಿ, ನಿಮ್ಮೂರಿನ ಮಕ್ಕಳಿಗೆ ಕೋಚ್ ಆಗಲಿ, ಬದುಕು ಕೈಬಿಡುವುದಿಲ್ಲ. ಆ ಅಭ್ಯಾಸವಿಲ್ಲದೆ ಬಂದ ಪದಕ ಗೋಡೆಯ ಮೇಲೇ ಉಳಿಯುತ್ತದೆ.

ಈ ಭಾನುವಾರ ಬಿಡುವು ಮಾಡಿಕೊಂಡು ಮಗಳ ಪಕ್ಕದಲ್ಲಿ ಕೂತು ಬರ್ಮಿಂಗ್‌ಹ್ಯಾಮ್‌ನ ಆ ಫೈನಲ್ ನೋಡಿ. ಮೊದಲ ಗೇಮ್ 11-13ಕ್ಕೆ ಸೋತವರು ಮೂರನೆಯದನ್ನು 11-2ರಿಂದ ಹೇಗೆ ಗೆದ್ದರು, ನಡುವೆ ಏನು ಬದಲಿಸಿಕೊಂಡರು ಎಂದು ಅವಳನ್ನೇ ಕೇಳಿ. ಸರ್ವ್ ಬದಲಾಯಿತೇ, ನಿಲ್ಲುವ ಜಾಗ ಬದಲಾಯಿತೇ, ಯಾವ ಚೆಂಡಿಗೆ ಕಾಯುತ್ತಿದ್ದರು? ಅವಳು ಕೊಡುವ ಉತ್ತರವನ್ನು ಅವಳ ಮಾತಿನಲ್ಲೇ ನನಗೆ ಬರೆದು ಕಳಿಸಿ. ರಾಜ್ಯ ತಂಡದ ಆಯ್ಕೆಯ ಫಲಿತಾಂಶಕ್ಕಿಂತ ಆ ಉತ್ತರ ಓದಲು ನನಗೆ ಹೆಚ್ಚು ಕುತೂಹಲ.

ಮನೆಯವರೆಲ್ಲರಿಗೂ ನನ್ನ ನಮಸ್ಕಾರ ತಿಳಿಸಿ.

ಇಂತಿ,
ನಿಮ್ಮ ವಿಶ್ವಾಸದ ಗೆಳೆಯ